ಹಿತ್ತಿಲ ಸೊಪ್ಪುಗಳ ಕುಲಗೋತ್ರ

ಅಡುಗೆಗೆಂದು ಬೆಳೆಸುವ ಸೊಪ್ಪಿನ ಗಿಡಗಳನ್ನು ನಾವು ಹೂ ಬಿಡಲು ಬಿಡುವುದಿಲ್ಲ. ಕೊತ್ತಂಬರಿ ಗೇಣುದ್ದವಾಗುವಷ್ಟರಲ್ಲಿ ಬೇರುಸಹಿತ ಕೀಳುತ್ತೇವೆ, ಪುದೀನದ ಕುಡಿಯನ್ನು ವಾರಕ್ಕೊಮ್ಮೆ ಚಿವುಟುತ್ತೇವೆ, ಸಬ್ಬಸಿಗೆಯ ದಂಟು ಕೊಂಚ ಬಲಿತರೆ ರೊಟ್ಟಿಗೆ ಬಾರದೆಂದು ಕೊಟ್ಟಿಗೆಗೆ ಹಾಕುತ್ತೇವೆ. ಆದರೆ ಒಂದು ಗಿಡ ಯಾವ ಮನೆತನಕ್ಕೆ ಸೇರಿದ್ದು, ಅದರ ಅಣ್ಣತಮ್ಮಂದಿರು ಯಾರು ಎಂಬುದನ್ನು ಸ್ಪಷ್ಟವಾಗಿ ಹೇಳುವುದು ಅದರ ಹೂವು. ಪ್ರೌಢಶಾಲೆಯಲ್ಲಿ ಇಪ್ಪತ್ತೆಂಟು ವರ್ಷ ವಿಜ್ಞಾನ ಪಾಠ ಮಾಡಿ, ಕರಿಹಲಗೆಯ ಮೇಲೆ ಸಸ್ಯಕುಟುಂಬಗಳ ಲಕ್ಷಣಗಳನ್ನು ಬರೆಯಿಸಿದ ನಾನು, ದಿನಬೆಳಗಾದರೆ ಕೈಯಾಡಿಸುವ ನನ್ನದೇ ಹಿತ್ತಿಲಿನ ಸೊಪ್ಪುಗಳ ಸಂಬಂಧವನ್ನು ತಿಳಿದದ್ದು ನಿವೃತ್ತಿಯ ನಂತರ, ಅದೂ ಆಕಸ್ಮಿಕವಾಗಿ.

2016ರ ಜನವರಿಯಲ್ಲಿ ಮಗಳ ಬಾಣಂತನಕ್ಕೆಂದು ಮೂರು ವಾರ ಮನೆಯಿಂದ ದೂರವಿದ್ದೆ. ಅತ್ತೆಯವರಿಗೆ ಆಗ ಮೊಣಕಾಲು ನೋವು ಹೆಚ್ಚಾಗಿದ್ದರಿಂದ ಹಿತ್ತಿಲಿಗೆ ಇಳಿಯಲು ಆಗಿರಲಿಲ್ಲ. ನಾನು ಸಾಗರಕ್ಕೆ ಮರಳಿದ ಮರುದಿನ ಬೆಳಿಗ್ಗೆ ನೋಡಿದಾಗ ಕೊತ್ತಂಬರಿಯ ಪಾತಿ ತುಂಬ ಬಿಳಿ ಹೂವು, ಪಕ್ಕದ ಸಬ್ಬಸಿಗೆಯ ಪಾತಿ ತುಂಬ ಹಳದಿ ಹೂವು. ಬಣ್ಣ ಬೇರೆಯಾದರೂ ಕಟ್ಟು ಒಂದೇ. ದಂಟಿನ ತುದಿಯ ಒಂದೇ ಬಿಂದುವಿನಿಂದ ಕೊಡೆಯ ಕಡ್ಡಿಗಳಂತೆ ತೊಟ್ಟುಗಳು ಹರಡಿ, ಪ್ರತಿ ಕಡ್ಡಿಯ ತುದಿಯಲ್ಲಿ ಮತ್ತೊಂದು ಪುಟ್ಟ ಕೊಡೆ ಬಿಚ್ಚಿಕೊಂಡು, ಆ ಪುಟ್ಟ ಕೊಡೆಯ ಮೇಲೆ ಹೂಗಳು ಕುಳಿತಿದ್ದವು. ಕೊತ್ತಂಬರಿಯ ಹೂವನ್ನು ಬೆರಳ ಮೇಲಿಟ್ಟು ಭೂತಗನ್ನಡಿಯಲ್ಲಿ ನೋಡಿದರೆ ಇನ್ನೊಂದು ಸೊಗಸು ಕಾಣುತ್ತದೆ: ಕೊಡೆಯ ಅಂಚಿನಲ್ಲಿರುವ ಹೂಗಳ ಹೊರಮುಖದ ಎಸಳುಗಳು ಮಾತ್ರ ದೊಡ್ಡದಾಗಿ ಬೆಳೆದು, ಒಳಮುಖದವು ಚಿಕ್ಕದಾಗಿಯೇ ಉಳಿದಿರುತ್ತವೆ. ಹತ್ತಾರು ಪುಟ್ಟ ಹೂಗಳು ಸೇರಿ ದೂರಕ್ಕೆ ಒಂದೇ ದೊಡ್ಡ ಹೂವಿನಂತೆ ಕಾಣುವ ಏರ್ಪಾಡು ಅದು. ಆ ದಿನ ಜೇನುನೊಣಗಳು ಅಷ್ಟೊಂದು ಸಂಖ್ಯೆಯಲ್ಲಿ ಬಂದಿದ್ದವೆಂದರೆ ಪಾತಿಯ ಬಳಿ ನಿಂತರೆ ಮೆಲ್ಲನೆಯ ಮೊರೆತ ಕೇಳುತ್ತಿತ್ತು.

ಎರಡನ್ನೂ ಹೀಗೆ ಅಕ್ಕಪಕ್ಕದಲ್ಲಿ ನೋಡಿದಾಗಲೇ ನನಗೆ, ಹಿತ್ತಿಲಿನ ಅಡುಗೆ ಸೊಪ್ಪು ಮತ್ತು ಸಂಬಾರ ಗಿಡಗಳನ್ನೆಲ್ಲ ಕುಟುಂಬವಾರು ಬೇರ್ಪಡಿಸಿ ನೆಡಬೇಕೆಂಬ ಆಸೆ ಹುಟ್ಟಿದ್ದು. ಗಿಡಗಳನ್ನು ಸಹಜ ಲಕ್ಷಣಗಳ ಮೇಲೆ ಕುಟುಂಬಗಳಾಗಿ ಜೋಡಿಸುವ ಕ್ರಮಕ್ಕೆ 1789ರಲ್ಲಿ ಫ್ರಾನ್ಸಿನ ಆಂತ್ವಾನ್ ಲೋರಾಂ ದ ಜುಸಿಯು ಭದ್ರ ಅಡಿಪಾಯ ಹಾಕಿದ. ನಾವು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದು 1862ರಿಂದ 1883ರವರೆಗೆ ಬೆಂಥಮ್ ಮತ್ತು ಹೂಕರ್ ರೂಪಿಸಿದ ಪದ್ಧತಿಯನ್ನು. ಲಾಲ್‌ಬಾಗಿಗೆ ಪ್ರವಾಸ ಹೋದಾಗ ಮರಗಳಿಗೆ ಹಾಕಿದ ಫಲಕಗಳಲ್ಲಿ ಹೆಸರಿನ ಕೆಳಗೆ ಕುಟುಂಬದ ಹೆಸರನ್ನೂ ನೋಡಿ ಟಿಪ್ಪಣಿ ಮಾಡಿಕೊಂಡ ನೆನಪು ನನಗಿದೆ. ಆದರೆ ಮರದ ಮೇಲಿನ ಫಲಕ ಓದುವುದಕ್ಕೂ, ಅಣ್ಣತಮ್ಮಂದಿರಾದ ಐದಾರು ಗಿಡಗಳನ್ನು ಒಂದೇ ಪಾತಿಯಲ್ಲಿ ವರ್ಷವಿಡೀ ನೋಡುವುದಕ್ಕೂ ಬಹಳ ವ್ಯತ್ಯಾಸವಿದೆ.

ಮೊದಲ ಪಾತಿ ಸಹಜವಾಗಿಯೇ ಕೊಡೆಹೂವಿನವರದ್ದು, ಅಂದರೆ ಏಪಿಯೇಸಿ ಕುಟುಂಬದ್ದು. ಕೊತ್ತಂಬರಿ, ಸಬ್ಬಸಿಗೆ, ಓಮ, ಬಡೇಸೋಪು ಇವು ನಮ್ಮಲ್ಲಿ ಮಳೆ ಕಳೆದ ಮೇಲೆ ಚೆನ್ನಾಗಿ ಬರುತ್ತವೆ. ಜೀರಿಗೆಯನ್ನೂ ಹಾಕಿ ನೋಡಿದೆ, ಆದರೆ ಗುಜರಾತ್ ಮತ್ತು ರಾಜಸ್ಥಾನದ ಒಣ ಹವೆಯ ಆ ಬೆಳೆಗೆ ಮಲೆನಾಡಿನ ಇಬ್ಬನಿ ಒಗ್ಗಲಿಲ್ಲ. ಈ ಕುಟುಂಬದ ಕಾಯಿಯೂ ಹೂವಿನಷ್ಟೇ ಖಚಿತವಾದ ಗುರುತು. ನಾವು ಕೊತ್ತಂಬರಿ ಬೀಜವೆಂದು ಕರೆಯುವ ಗುಂಡನೆಯ ಕಾಳು ವಾಸ್ತವದಲ್ಲಿ ಇಡೀ ಕಾಯಿ, ಅದರೊಳಗೆ ಎರಡು ಹೋಳುಗಳು ಮುಖಕ್ಕೆ ಮುಖ ಕೊಟ್ಟು ಕೂಡಿಕೊಂಡಿರುತ್ತವೆ, ಒಂದೊಂದು ಹೋಳಿನಲ್ಲಿ ಒಂದೊಂದು ಬೀಜ. ಬಿತ್ತುವ ಮೊದಲು ಕಾಳನ್ನು ನೆಲದ ಮೇಲೆ ಹರಡಿ ಮಣೆಯಿಂದ ಹದವಾಗಿ ಉಜ್ಜಿ ಎರಡು ಹೋಳು ಮಾಡಬೇಕೆಂದು ನಮ್ಮ ಹಿರಿಯರು ಹೇಳುತ್ತಿದ್ದುದು ಇದೇ ಕಾರಣಕ್ಕೆ. ಜೀರಿಗೆ, ಬಡೇಸೋಪು, ಓಂಕಾಳು ಎಲ್ಲವೂ ಹೀಗೆಯೇ ಎರಡಾಗಿ ಸೀಳುತ್ತವೆ. ಬಡೇಸೋಪಿಗೆ ದೊಡ್ಡಜೀರಿಗೆ ಎಂದು ಹೆಸರಿಟ್ಟವರು ಯಾರೋ, ಅವರ ಕಣ್ಣು ಸರಿಯಾಗಿಯೇ ಕಂಡಿತ್ತು.

ಈ ಪಾತಿಯ ಅಂಚಿನಲ್ಲಿ, ಬಚ್ಚಲ ನೀರು ಹರಿಯುವ ಕಡೆ, ಒಂದೆಲಗವನ್ನು ಬಿಟ್ಟಿದ್ದೇನೆ. ತುಳುವಿನಲ್ಲಿ ತಿಮರೆ ಎನ್ನುವ ಇದು ಕೊತ್ತಂಬರಿಯ ಬಂಧು ಎಂದರೆ ಮೊದಲಿಗೆ ಯಾರೂ ಒಪ್ಪುವುದಿಲ್ಲ. ನೆಲಕ್ಕಂಟಿ ಹರಿಯುವ ಬಳ್ಳಿ, ಗೆಣ್ಣಿಗೊಂದು ದುಂಡು ಎಲೆ, ಕೊಡೆಯ ಸುಳಿವೇ ಇಲ್ಲ. ಆದರೆ ಮಂಡಿಯೂರಿ ಕುಳಿತು ಎಲೆಗಳನ್ನು ಸರಿಸಿದರೆ ಮಣ್ಣಿಗೆ ತಾಗುವಂತೆ ಗಿಡ್ಡ ತೊಟ್ಟಿನ ಮೇಲೆ ಎರಡೋ ಮೂರೋ ನಸುಗೆಂಪು ಹೂಗಳು, ಸಾಸಿವೆ ಕಾಳಿಗಿಂತ ಸಣ್ಣವು, ಅಡಗಿ ಕುಳಿತಿರುತ್ತವೆ, ಅವುಗಳ ಚಪ್ಪಟೆ ಕಾಯಿಯೂ ಎರಡಾಗಿ ಬೇರ್ಪಡುತ್ತದೆ. ಒಂದೆಲಗದ ತಂಬುಳಿಗೆ ತುಪ್ಪದಲ್ಲಿ ಜೀರಿಗೆ ಮತ್ತು ಕಾಳುಮೆಣಸು ಹುರಿದು, ಎಲೆ ಬಾಡಿಸಿ, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆ ಬೆರೆಸುವಾಗ, ಒಂದೇ ಕುಟುಂಬದ ಇಬ್ಬರು ಆ ಒರಳಿನಲ್ಲಿ ಕೂಡುತ್ತಿದ್ದಾರೆ ಎಂಬುದು ಈಗ ನನಗೆ ಪ್ರತಿ ಸಲವೂ ನೆನಪಾಗುತ್ತದೆ. ಇದನ್ನೇ ಬ್ರಾಹ್ಮಿ ಎಂದು ಕರೆಯುವ ರೂಢಿಯೂ ಇದೆ, ಆದರೆ ಆ ಹೆಸರಿನ ಇನ್ನೊಂದು ಗಿಡವಾದ ನೀರುಬ್ರಾಹ್ಮಿ ಬೇರೆಯೇ ಕುಟುಂಬದ್ದು, ಆದ್ದರಿಂದ ಅದು ಈ ಪಾತಿಯಲ್ಲಿಲ್ಲ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳದೆ ಮುಂದೆ ಹೋಗಲಾರೆ. ಕುಟುಂಬ ಒಂದೇ ಎಂದ ಮಾತ್ರಕ್ಕೆ ಎಲ್ಲವೂ ತಿನ್ನಲು ಯೋಗ್ಯವಲ್ಲ. ಗ್ರೀಸಿನ ಸಾಕ್ರಟೀಸನಿಗೆ ಕ್ರಿಸ್ತಪೂರ್ವ 399ರಲ್ಲಿ ಕುಡಿಸಿದ ಹೆಮ್ಲಾಕ್ ವಿಷದ ಗಿಡವೂ ಇದೇ ಕೊಡೆಹೂವಿನ ಮನೆತನದ್ದು. ಮೆಣಸಿನಕಾಯಿಯ ಪಾತಿಯಲ್ಲಿ ತಾನಾಗಿ ಹುಟ್ಟುವ ಉಮ್ಮತ್ತಿಯೂ ಮೆಣಸಿನಕಾಯಿ, ಬದನೆಗಳ ಸೊಲನೇಸಿ ಕುಟುಂಬದ್ದೇ. ಮೊಮ್ಮಗಳು ಓಡಾಡುವ ಹಿತ್ತಿಲಾದ್ದರಿಂದ ಅದನ್ನು ಕಂಡ ಕೂಡಲೇ ಕಿತ್ತು ಹಾಕುತ್ತೇನೆ.

ಎರಡನೆಯ ಪಾತಿ ತುಳಸಿಯ ಕುಟುಂಬದ್ದು, ಲ್ಯಾಮಿಯೇಸಿ. ಇದರ ಗುರುತಿಗೆ ಹೂವಿನವರೆಗೆ ಕಾಯಬೇಕಿಲ್ಲ. ಪುದೀನದ ದಂಟನ್ನು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಹಿಡಿದು ಉರುಳಿಸಿದರೆ ಅದು ಸರಾಗವಾಗಿ ಉರುಳುವುದಿಲ್ಲ, ನಾಲ್ಕು ಮೂಲೆಗಳು ಬೆರಳಿಗೆ ತಾಗುತ್ತವೆ. ಎಲೆಗಳು ಜೋಡಿ ಜೋಡಿಯಾಗಿ ಎದುರುಬದುರು, ಒಂದು ಜೋಡಿ ಪೂರ್ವ-ಪಶ್ಚಿಮಕ್ಕಿದ್ದರೆ ಮೇಲಿನದು ಉತ್ತರ-ದಕ್ಷಿಣಕ್ಕೆ. ಹೂವಿಗೆ ಎರಡು ತುಟಿಗಳು. ಕಾಮಕಸ್ತೂರಿಯ ಒಣಗಿದ ಪುಷ್ಪಪಾತ್ರೆಯೊಂದನ್ನು ಅಂಗೈ ಮೇಲೆ ಹಿಸುಕಿದರೆ ಎಲ್ಲ ಸರಿಯಾಗಿ ಬೆಳೆದಿದ್ದಲ್ಲಿ ನಾಲ್ಕೇ ನಾಲ್ಕು ಕಪ್ಪು ಕಾಳುಗಳು ಉದುರುತ್ತವೆ. ಅವನ್ನು ನೀರಿನಲ್ಲಿ ಹಾಕಿ ಹತ್ತು ನಿಮಿಷ ಬಿಟ್ಟರೆ ಪ್ರತಿ ಕಾಳಿನ ಸುತ್ತ ಲೋಳೆಯ ಪದರ ಉಬ್ಬಿಕೊಂಡು ಕಪ್ಪೆಯ ಮೊಟ್ಟೆಗಳಂತೆ ಕಾಣುತ್ತವೆ. ಬೇಸಿಗೆಯ ಪಾನಕಕ್ಕೆ ಇದಕ್ಕಿಂತ ತಂಪಾದದ್ದು ನನಗೆ ತಿಳಿದಿಲ್ಲ.

ಕಾಮಕಸ್ತೂರಿಯ ಹತ್ತಿರದ ಸಂಬಂಧಿ ತುಳಸಿಯನ್ನೂ ಇದೇ ಪಾತಿಗೆ ತರಬೇಕೆಂದು ನಾನು ಗುಂಡಿ ತೋಡಿದ್ದೆ. ಜಗಲಿಯಲ್ಲಿ ಕುಳಿತು ನೋಡುತ್ತಿದ್ದ ಅತ್ತೆಯವರು, "ಅಲ್ಲ ಮಾರಾಯ್ತಿ, ದಿನಾ ದೀಪ ಹಚ್ಚುವ ಗಿಡವನ್ನು ಚಟ್ನಿ ಸೊಪ್ಪಿನ ಸಾಲಿನಲ್ಲಿ ಕೂರಿಸುತ್ತೀಯಾ?" ಎಂದರು. "ಎರಡೂ ಒಂದೇ ಕುಟುಂಬ ಅತ್ತೆ" ಎಂದೆ. "ಇರಲಿ, ಮನೆಯ ಹಿರಿಯರಿಗೆ ಬೇರೆ ಪೀಠ ಇರುತ್ತದೆ" ಎಂದು ಅವರು ಮಾತು ಮುಗಿಸಿದರು. ಅವರ ಮಾತು ನನಗೆ ಒಪ್ಪಿಗೆಯಾಯಿತು. ತುಳಸಿ ಅಂಗಳದ ಕಟ್ಟೆಯಲ್ಲಿಯೇ ಇದೆ. ಪಾತಿಯನ್ನೇ ಕಟ್ಟೆಗೆ ಎದುರಾಗಿ ಬರುವಂತೆ ಮನೆಯ ಪಕ್ಕಕ್ಕೆ ಬದಲಾಯಿಸಿದೆ. ಈ ಕುಟುಂಬದಲ್ಲಿ ಸುಮಾರು 7,000 ಪ್ರಭೇದಗಳಿವೆ, ಮತ್ತು ನಮ್ಮ ಪಠ್ಯಪುಸ್ತಕದಲ್ಲಿ ಬೇರೆ ಕುಟುಂಬದಲ್ಲಿದ್ದ ತೇಗದ ಮರವೂ ಲಕ್ಕಿ ಗಿಡವೂ ಈಗ ತುಳಸಿಯ ಬಳಗಕ್ಕೇ ಸೇರಿವೆ. ಬೇಲಿಯ ಲಕ್ಕಿಯನ್ನೂ ಗುಡ್ಡದ ಎಳೆಯ ತೇಗದ ಗಿಡವನ್ನೂ ಮುಟ್ಟಿ ನೋಡಿದೆ. ಎರಡರ ಎಳೆಯ ರೆಂಬೆಗಳಿಗೂ ನಾಲ್ಕು ಮೂಲೆ.

ದೊಡ್ಡಪತ್ರೆಯ ವಿಷಯದಲ್ಲಿ ಮೂಗು ನಮ್ಮನ್ನು ದಾರಿ ತಪ್ಪಿಸುತ್ತದೆ. ಅದರ ದಪ್ಪ ಎಲೆಯನ್ನು ಹಿಸುಕಿದರೆ ಬರುವುದು ಓಂಕಾಳಿನ ವಾಸನೆ, ಹಾಗಾಗಿ ಕೆಲವು ನರ್ಸರಿಗಳಲ್ಲಿ ಅದನ್ನು ಓಮದ ಗಿಡವೆಂದೇ ಮಾರುತ್ತಾರೆ. ಓಂಕಾಳಿನ ಘಾಟಿಗೆ ಕಾರಣ ಥೈಮಾಲ್ ಎಂಬ ರಾಸಾಯನಿಕ. ದೊಡ್ಡಪತ್ರೆಯಲ್ಲಿಯೂ ಥೈಮಾಲ್ ಮತ್ತು ಅದರ ಜೋಡಿಯಂತಿರುವ ಕಾರ್ವಾಕ್ರಾಲ್ ಇವೆ. ಒಂದೇ ವಾಸನೆಯನ್ನು ಕೊಡೆಹೂವಿನ ಮನೆಯೂ ತುಳಸಿಯ ಮನೆಯೂ ಬೇರೆ ಬೇರೆಯಾಗಿ ತಯಾರಿಸಿಕೊಂಡಿವೆ. ವಾಸನೆಯನ್ನು ನಂಬಿದ್ದರೆ ನಾನು ದೊಡ್ಡಪತ್ರೆಯನ್ನು ಕೊತ್ತಂಬರಿಯ ಪಾತಿಯಲ್ಲಿ ನೆಡುತ್ತಿದ್ದೆ. ಎಲೆಗಳ ಎದುರುಬದುರು ಜೋಡಣೆ ನೋಡಿ ಪುದೀನದ ಬಳಿ ನೆಟ್ಟೆನಾದರೂ ಹೂವಿನ ಸಾಕ್ಷಿ ಸಿಕ್ಕಿರಲಿಲ್ಲ. ದೊಡ್ಡಪತ್ರೆ ಹೂ ಬಿಡುವುದು ಅಪರೂಪ. ಅದನ್ನು ಕಡ್ಡಿ ಚುಚ್ಚಿಯೇ ಬೆಳೆಸುತ್ತೇವೆ.

ಹಿತ್ತಿಲಿನಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ಮೂಲೆ ಕರಿಬೇವಿನದ್ದು. ಹೆಸರಿನಲ್ಲಿ ಬೇವು ಇದ್ದರೂ, ಎಲೆಯ ಜೋಡಣೆ ಬೇವನ್ನು ನೆನಪಿಸಿದರೂ, ಇದು ಬೇವಿನ ಕುಟುಂಬಕ್ಕೆ ಸೇರಿದ್ದಲ್ಲ. ಇದು ನಿಂಬೆ, ಕಿತ್ತಳೆ, ಹೇರಳೆ, ಬಿಲ್ವಪತ್ರೆಗಳ ರೂಟೇಸಿ ಕುಟುಂಬದ್ದು. ಇದರ ವೈಜ್ಞಾನಿಕ ಹೆಸರಿನ ಎರಡನೆಯ ಭಾಗವಾದ 'ಕೊಯೆನಿಗಿ', ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸನ ಶಿಷ್ಯನಾಗಿ ತಮಿಳುನಾಡಿನ ತರಂಗಂಬಾಡಿಯಲ್ಲಿ ಇದ್ದು ನಮ್ಮ ಕಡೆಯ ಸಸ್ಯಗಳನ್ನು ಅಭ್ಯಾಸ ಮಾಡಿದ ಯೋಹಾನ್ ಗೆರ್ಹಾರ್ಡ್ ಕ್ಯೋನಿಗ್ (1728–1785) ಎಂಬ ವೈದ್ಯನ ನೆನಪಿನದು. ಕರಿಬೇವಿನ ಎಲೆಯೊಂದನ್ನು ಬೆಳಗಿನ ಬಿಸಿಲಿಗೆ ಅಡ್ಡ ಹಿಡಿದು ನೋಡಿದರೆ ಸೂಜಿಯಿಂದ ಚುಚ್ಚಿದಂತೆ ಬೆಳಕು ತೂರುವ ಚುಕ್ಕೆಗಳು ಕಾಣುತ್ತವೆ. ಅವು ಎಣ್ಣೆಯ ಗ್ರಂಥಿಗಳು, ಒಗ್ಗರಣೆಗೆ ಬಿದ್ದೊಡನೆ ಚಟಪಟ ಸದ್ದಿನೊಂದಿಗೆ ಏಳುವ ಪರಿಮಳ ಇರುವುದು ಅಲ್ಲಿ. ನಿಂಬೆಯ ಎಲೆಯಲ್ಲಿಯೂ ಬಿಲ್ವದ ಎಲೆಯಲ್ಲಿಯೂ ಇದೇ ಚುಕ್ಕೆಗಳಿವೆ.

ಈ ಸಂಬಂಧವನ್ನು ನನಗೆ ಪುಸ್ತಕಕ್ಕಿಂತ ಚೆನ್ನಾಗಿ ಕಲಿಸಿದ್ದು ಒಂದು ಹುಳು. ನಿಂಬೆ ಚಿಟ್ಟೆ ಕರಿಬೇವಿನ ಕುಡಿಯ ಮೇಲೆ ಒಂದೊಂದಾಗಿ ಮೊಟ್ಟೆಯಿಡುತ್ತದೆ. ಹೊರಬಂದ ಮರಿಹುಳು ಮೊದಲು ಕಂದು ಬಣ್ಣದ ಮೇಲೆ ಬಿಳಿಯ ಮಚ್ಚೆ ಹೊತ್ತು ಥೇಟ್ ಹಕ್ಕಿಯ ಹಿಕ್ಕೆಯಂತೆ ಎಲೆಯ ಮೇಲೆ ಬಿದ್ದಿರುತ್ತದೆ. ಬಲಿತ ಮೇಲೆ ಎಲೆಯ ಬಣ್ಣಕ್ಕೇ ತಿರುಗಿ ಹಸಿರಾಗುತ್ತದೆ. ಅದರ ಬೆನ್ನನ್ನು ಹುಲ್ಲುಕಡ್ಡಿಯಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕವಲೊಡೆದ ಕೊಂಬೊಂದು ಚಿಮ್ಮಿ ಹುಳಿಮಿಶ್ರಿತ ಘಾಟು ಹರಡುತ್ತದೆ. ಕರಿಬೇವಿನ ಗಿಡ ಬೋಳಾಗುವಷ್ಟು ಹುಳುಗಳಾದ ಒಂದು ವರ್ಷ, ಅವನ್ನು ಕೊಲ್ಲಲು ಮನಸ್ಸಾಗದೆ ಎತ್ತಿಕೊಂಡು ಹೋಗಿ ಹಿಂದಿನ ನಿಂಬೆ ಗಿಡದ ಮೇಲೆ ಬಿಟ್ಟೆ. ಅವು ಒಂದು ಕ್ಷಣವೂ ಅನುಮಾನಿಸದೆ ನಿಂಬೆಯ ಎಳೆ ಎಲೆಗಳನ್ನು ಮೇಯತೊಡಗಿದವು. ನಮ್ಮ ಗಡಿಯಲ್ಲಿರುವ ಬೇವಿನ ಮರದಲ್ಲಿ ಇಷ್ಟು ವರ್ಷಗಳಲ್ಲಿ ಒಮ್ಮೆಯೂ ಆ ಹುಳುವನ್ನು ನಾನು ಕಂಡಿಲ್ಲ. ಹೂವನ್ನು ಎಂದೂ ನೋಡದ ಹುಳು, ಹೆಸರನ್ನು ಎಂದೂ ಕೇಳದ ಹುಳು, ಕರಿಬೇವು ನಿಂಬೆಯ ನೆಂಟ ಎಂಬುದನ್ನು ಎಲೆಯ ರಸದಲ್ಲಿಯೇ ತಿಳಿಯುತ್ತದೆ ಎಂದು ಅಂದು ನಿಂಬೆ ಗಿಡದ ಬುಡದಲ್ಲಿ ನಿಂತು ಬೆರಗಾದೆ. ಕರಾವಳಿಯವರು ಮೀನಿನ ಸಾರಿಗೆ ಹಾಕುವ, ನಾಲಿಗೆಯನ್ನು ಜುಮ್ಮೆನ್ನಿಸುವ ಜುಮ್ಮನಕಾಯಿಯೂ ಇದೇ ಕುಟುಂಬದ್ದು. ಕುಮಟಾದಿಂದ ತಂದ ಅದರ ಸಸಿ ಈಗ ಆಳೆತ್ತರವಾಗಿದೆ, ಕಾಂಡದ ತುಂಬ ಮುಳ್ಳು.

ಹೆಸರುಗಳು ಹೀಗೆ ಒಮ್ಮೆ ನಿಜ ಹೇಳಿ ಒಮ್ಮೆ ಮರೆಮಾಚುವುದನ್ನು ಈ ಪಾತಿಗಳ ನಡುವೆ ಓಡಾಡುವಾಗ ಮತ್ತೆ ಮತ್ತೆ ನೋಡುತ್ತೇನೆ. ದೊಡ್ಡಜೀರಿಗೆಗೂ ಜೀರಿಗೆಗೂ ರಕ್ತಸಂಬಂಧವಿದೆ. ಮಾವಿನಶುಂಠಿಗೆ ಮಾವಿನ ಪರಿಮಳವಿದ್ದರೂ ಅದು ಅರಿಶಿನದ ಒಡಹುಟ್ಟು. ಮೆಣಸು ಎಂಬ ಹೆಸರು ಮೊದಲು ಇದ್ದದ್ದು ಅಡಿಕೆ ಮರಕ್ಕೆ ಹಬ್ಬುವ ಬಳ್ಳಿಯ ಕಾಳಿಗೆ. ಅಮೆರಿಕ ಖಂಡದ ಖಾರದ ಕಾಯಿ ಪೋರ್ಚುಗೀಸರ ಮೂಲಕ ನಮ್ಮ ಕರಾವಳಿಗೆ ಬಂದ ಮೇಲೆ ಅದೂ ಮೆಣಸಿನಕಾಯಿಯಾಯಿತು, ಹಳೆಯ ಮೆಣಸು ಕಾಳುಮೆಣಸಾಯಿತು, ಕರಾವಳಿಯ ಕೆಲವೆಡೆ ಒಳ್ಳೆಮೆಣಸಾಯಿತು. ಆ ಒಳ್ಳೆ ಎಂಬ ವಿಶೇಷಣದಲ್ಲಿ ಹಳೆಯ ಬಳ್ಳಿಯ ಮೇಲಿನ ಅಭಿಮಾನ ಇನ್ನೂ ಉಳಿದಿದೆ ಎಂದು ನನಗೆ ಅನ್ನಿಸುತ್ತದೆ. ಕಾಳುಮೆಣಸಿನ ನಿಜವಾದ ಬಂಧು ವೀಳ್ಯದೆಲೆ. ಗೆಣ್ಣುಗೆಣ್ಣಿನಲ್ಲಿ ಮರಕ್ಕೆ ಅಂಟುವ ಬೇರು, ಹೃದಯದಾಕಾರದ ಎಲೆ, ಎಸಳಿಲ್ಲದ ಹೂಗಳ ತೆನೆ ಎರಡಕ್ಕೂ ಇವೆ. ಎರಡನ್ನೂ ಪಕ್ಕಪಕ್ಕದ ಅಡಿಕೆ ಮರಗಳಿಗೆ ಹಬ್ಬಿಸಿದ್ದೇನೆ, ಮೊಮ್ಮಗಳು ಇಂದಿಗೂ ಮೂಸಿ ನೋಡಿಯೇ ಯಾವುದು ಯಾವುದೆಂದು ಹೇಳುತ್ತಾಳೆ.

ಮೆಂತ್ಯ, ಸಾಸಿವೆ, ಬೆಳ್ಳುಳ್ಳಿಗಳಿಗೆ ಒಂದೊಂದು ಚಿಕ್ಕ ಪಾತಿಯಿದೆ. ಮೆಂತ್ಯದ ಬೇರಿನಲ್ಲಿ ಅವರೆ, ಹೆಸರುಗಳಂತೆಯೇ ಗಂಟುಗಳಿವೆ. ಸಾಸಿವೆಯ ನಾಲ್ಕೆಸಳಿನ ಹೂವು ಮೂಲಂಗಿಯ ಹೂವಿನಂತೆಯೇ ಇದೆ. ಬೆಳ್ಳುಳ್ಳಿ ನಮ್ಮ ತೇವದಲ್ಲಿ ಗಡ್ಡೆ ಕಟ್ಟುವುದಿಲ್ಲ, ಎಲೆಗಾಗಿ ಮಾತ್ರ ಇಟ್ಟುಕೊಂಡಿದ್ದೇನೆ. ಮಜ್ಜಿಗೆಹುಲ್ಲು ಹೆಸರಿಗೆ ತಕ್ಕಂತೆ ಹುಲ್ಲಿನ ಕುಟುಂಬದ್ದೇ, ಬದುವಿನ ಮಣ್ಣು ಕುಸಿಯದಂತೆ ಹಿಡಿದುಕೊಂಡು ನಿಂತಿದೆ.

ಕುಟುಂಬವಾರು ನೆಡುವುದರಲ್ಲಿ ಒಂದು ದೋಷವಿದೆ, ಅದನ್ನು ನಾನು ನಷ್ಟಪಟ್ಟು ಕಲಿತೆ. ಶುಂಠಿ, ಅರಿಶಿನ, ಮಾವಿನಶುಂಠಿ ಮೂರನ್ನೂ ಜಿಂಜಿಬರೇಸಿ ಕುಟುಂಬವೆಂದು ಒಂದೇ ಪಾತಿಯಲ್ಲಿ ಹಾಕಿ, ಅವು ಅಲ್ಲಿ ಸೊಗಸಾಗಿ ಬಂದದ್ದರಿಂದ ಮೂರು ವರ್ಷ ಅದೇ ಜಾಗದಲ್ಲಿ ಮುಂದುವರಿಸಿದೆ. 2019ರ ಆಗಸ್ಟ್ ತಿಂಗಳ ಮಳೆಯನ್ನು ಮಲೆನಾಡಿನವರು ಮರೆತಿರಲಾರರು. ಆ ಮಳೆಯಲ್ಲಿ ಪಾತಿಯಲ್ಲಿ ನೀರು ನಿಂತಿತು. ಮೊದಲು ಶುಂಠಿಯ ಕೆಳಗಿನ ಎಲೆಗಳ ಅಂಚು ಹಳದಿಯಾಯಿತು, ವಾರದೊಳಗೆ ದಂಟು ಹಿಡಿದು ಎಳೆದರೆ ಗಡ್ಡೆಯಿಂದ ಕಳಚಿ ಕೈಗೆ ಬರುತ್ತಿತ್ತು, ಬುಡದಲ್ಲಿ ಕೊಳೆತ ನಾತ. ಪಿಥಿಯಂ ಎಂಬ ಸೂಕ್ಷ್ಮಜೀವಿಯಿಂದ ಬರುವ ಗಡ್ಡೆಕೊಳೆ ಅದು. ಅದರ ಬೀಜಾಣುಗಳು ನೀರಿನಲ್ಲಿ ಈಜಿಕೊಂಡು ಗಿಡದಿಂದ ಗಿಡಕ್ಕೆ ಹೋಗುತ್ತವೆ, ಮತ್ತು ಅದಕ್ಕೆ ಶುಂಠಿಯೂ ಅರಿಶಿನವೂ ಆಗುತ್ತವೆ. ಶುಂಠಿ ಪೂರ್ತಿ ಹೋಯಿತು, ಅರಿಶಿನ ಅರ್ಧ ಹೋಯಿತು. ಉಳಿದ ದಂಟುಗಳಲ್ಲಿ ಕೆಲವಕ್ಕೆ ಕಾಂಡ ಕೊರೆಯುವ ಹುಳುವೂ ಬಿದ್ದಿತ್ತು. ಅದೂ ಶುಂಠಿ, ಅರಿಶಿನ, ಏಲಕ್ಕಿ ಮೂರನ್ನೂ ಬಿಡದ ಹುಳು. ಬಂಧುಗಳೆಂದರೆ ರೋಗವೂ ಹುಳುವೂ ಒಂದೇ. ಶುಂಠಿ ಬೆಳೆಗಾರರು ಒಮ್ಮೆ ಶುಂಠಿ ಹಾಕಿದ ನೆಲಕ್ಕೆ ಕೆಲವು ವರ್ಷ ಮತ್ತೆ ಹಾಕದಿರುವುದನ್ನು ನಮ್ಮೂರಿನಲ್ಲಿಯೇ ನೋಡಿದ್ದ ನಾನು, ನನ್ನ ಪಾತಿ ಚಿಕ್ಕದೆಂದು ಆ ಮಾತನ್ನು ಗಣನೆಗೆ ತೆಗೆದುಕೊಂಡಿರಲಿಲ್ಲ.

ಅಂದಿನಿಂದ ಕ್ರಮ ಬದಲಾಯಿಸಿದ್ದೇನೆ. ಕುಟುಂಬಗಳು ಒಟ್ಟಾಗಿಯೇ ಇರುತ್ತವೆ, ಆದರೆ ಇಡೀ ಕುಟುಂಬ ವರ್ಷಕ್ಕೊಮ್ಮೆ ಜಾಗ ಬದಲಿಸುತ್ತದೆ. ಹಲಗೆಯ ಮೇಲೆ ಬಣ್ಣದಲ್ಲಿ ಬರೆದ ಹೆಸರಿನ ಫಲಕವೂ ಅದರ ಜೊತೆಗೆ ಹೋಗುತ್ತದೆ. ಶುಂಠಿ ಇದ್ದಲ್ಲಿಗೆ ಮುಂದಿನ ಸಲ ಮೆಂತ್ಯ, ಮೆಂತ್ಯವಿದ್ದಲ್ಲಿಗೆ ಮೆಣಸಿನಕಾಯಿ, ಹೀಗೆ. ಶುಂಠಿಯ ಪಾತಿಯನ್ನು ಈಗ ಮೊಣಕಾಲೆತ್ತರಕ್ಕೆ ಏರಿಸಿ, ಸುತ್ತ ಕಾಲುವೆ ತೆಗೆದು, ಮೇಲೆ ದಪ್ಪಗೆ ದರಕು ಹೊದಿಸುತ್ತೇನೆ. ಕರಿಬೇವು, ಜುಮ್ಮನಕಾಯಿ, ಮೆಣಸಿನ ಬಳ್ಳಿಗಳು, ಗೋಡೆಯ ಪಕ್ಕದ ಹಳೆಯ ದೊಡ್ಡಪತ್ರೆ ಮಾತ್ರ ತಮ್ಮ ಜಾಗದಲ್ಲಿಯೇ ಇವೆ.

ಇನ್ನೊಂದು ನಿಯಮವನ್ನೂ ಮಾಡಿಕೊಂಡಿದ್ದೇವೆ. ಪ್ರತಿ ಪಾತಿಯಲ್ಲಿಯೂ ಒಂದೆರಡು ಗಿಡಗಳಿಗೆ ಕೆಂಪು ದಾರ ಕಟ್ಟುತ್ತೇವೆ. ದಾರ ಕಟ್ಟಿದ ಗಿಡವನ್ನು ಅಡುಗೆಗೆ ಮುಟ್ಟುವಂತಿಲ್ಲ, ಅದು ಹೂ ಬಿಟ್ಟು ಕಾಳು ಕಟ್ಟುವವರೆಗೆ ನಿಲ್ಲಬೇಕು. ಮೊದಮೊದಲು ಅತ್ತೆಯವರಿಗೆ ಇದು ಸೊಪ್ಪು ಹಾಳು ಮಾಡುವ ಕೆಲಸವೆನಿಸಿತ್ತು. ಈಗ ದಾರ ಕಟ್ಟುವವರು ಅವರೇ.

ಕಳೆದ ಫೆಬ್ರವರಿಯ ಒಂದು ಸಂಜೆ ತಂಬುಳಿಗೆ ದೊಡ್ಡಪತ್ರೆ ಕೊಯ್ಯಲು ಹೋದ ಅವರು ಬರಿಗೈಯಲ್ಲಿ ಹಿಂತಿರುಗಿ, "ಬಾ ಇಲ್ಲಿ, ನಿನ್ನ ಕನ್ನಡಿ ತೆಗೆದುಕೊಂಡು ಬಾ" ಎಂದು ಕರೆದರು. ಗೋಡೆಯ ಪಕ್ಕದ ಹಳೆಯ ದೊಡ್ಡಪತ್ರೆಯ ಒಂದು ರೆಂಬೆಯ ತುದಿಯಲ್ಲಿ ಬೆರಳುದ್ದದ ತೆನೆ ಎದ್ದಿತ್ತು. ನೆಟ್ಟು ಎಂಟು ವರ್ಷವಾಗಿದ್ದ ಗಿಡದಲ್ಲಿ ಅದೇ ಮೊದಲ ಹೂವು. ತೆಳು ನೇರಳೆ ಬಣ್ಣ, ಎಳ್ಳಿನ ಕಾಳಿನ ಮೂರರಷ್ಟು ಗಾತ್ರ, ಮೇಲೊಂದು ಗಿಡ್ಡ ತುಟಿ, ಕೆಳಗೊಂದು ದೋಣಿಯಂತೆ ಮುಂದೆ ಚಾಚಿದ ಉದ್ದ ತುಟಿ. ಕನ್ನಡಿಯನ್ನು ಅತ್ತೆಯವರ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, "ತುಳಸಿ ಕದಿರಿನಲ್ಲಿರುವುದೂ ಹೀಗೆಯೇ ಅಲ್ಲವೇನೇ" ಎಂದರು. ಆಮೇಲೆ ಸೆರಗಿನ ತುದಿಯಲ್ಲಿ ಗಂಟು ಹಾಕಿಟ್ಟಿದ್ದ ಕೆಂಪು ದಾರ ಬಿಚ್ಚಿ ಆ ರೆಂಬೆಗೆ ಕಟ್ಟಿ, ಪಕ್ಕದ ರೆಂಬೆಗಳಿಂದ ರಾತ್ರಿಯ ತಂಬುಳಿಗೆ ಬೇಕಾದಷ್ಟು ಎಲೆ ಕೊಯ್ದುಕೊಂಡರು.